ಮಕ್ಕಳ ಪಂದ್ಯಾಟದಲ್ಲಿ ಕ್ರೀಡಾಮನೋಭಾವವನ್ನು ಗುರುತಿಸುವ ಬಗೆ: ಸಂಘಟಕರಿಗೆ, ಶಿಕ್ಷಕರಿಗೆ, ಹೆತ್ತವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕರಾವಳಿಯ ಯಾವ ಕಬಡ್ಡಿ ಪಂದ್ಯಾಟದ ಆಮಂತ್ರಣ ಪತ್ರಿಕೆಯನ್ನು ತೆಗೆದು ನೋಡಿದರೂ ಬಹುಮಾನಗಳ ಪಟ್ಟಿ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ: ಪ್ರಥಮ, ದ್ವಿತೀಯ, ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ, ಕೊನೆಯ ಸಾಲಿನಲ್ಲಿ ಶಿಸ್ತಿನ ತಂಡ. ದಾಳಿಗಾರನ ಅಂಕಗಳು ಸ್ಕೋರರ್‌ನ ಹಾಳೆಯಲ್ಲಿರುತ್ತವೆ, ಹಿಡಿತಗಾರನ ಲೆಕ್ಕವೂ ಅಲ್ಲಿಯೇ ಸಿಗುತ್ತದೆ. ಶಿಸ್ತಿನ ತಂಡವನ್ನು ಮಾತ್ರ ಫೈನಲ್ ಮುಗಿದು ಅತಿಥಿಗಳು ವೇದಿಕೆ ಏರುತ್ತಿರುವಾಗ, ಶಾಮಿಯಾನದ ಹಿಂದೆ ನಿಂತು, ಐದು ನಿಮಿಷದೊಳಗೆ ತೀರ್ಮಾನಿಸುತ್ತಾರೆ.

ನಾನೂ ಹಾಗೆ ತೀರ್ಮಾನಿಸಿದವನೇ. ಉಡುಪಿಯ ಸಮೀಪದ ಊರೊಂದರಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಕಬಡ್ಡಿ ನಡೆಸಿದ ವರ್ಷ, ದೂರದಿಂದ ಬಂದು ಮೊದಲ ಸುತ್ತಿನಲ್ಲಿಯೇ ಸೋತ ತಂಡವನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ಒಂದೇ ಕಾರಣಕ್ಕೆ ಆ ಫಲಕವನ್ನು ಅವರಿಗೆ ಕೊಟ್ಟೆವು. ಸ್ವಲ್ಪ ಹೊತ್ತಿನ ಬಳಿಕ ಆ ತಂಡದ ಹುಡುಗನೊಬ್ಬ ಫಲಕವನ್ನು ಎದೆಗೆ ಒತ್ತಿ ಹಿಡಿದುಕೊಂಡು ನನ್ನ ಬಳಿಗೆ ಬಂದು, “ಸರ್, ಇದು ಎಂತಕ್ಕೆ ಸಿಕ್ಕಿದ್ದು ನಮಗೆ?” ಎಂದು ಕೇಳಿದ. ಅವನಿಗೆ ತಿಳಿಯುವ ಕುತೂಹಲವಿತ್ತೇ ಹೊರತು ದೂರೇನೂ ಇರಲಿಲ್ಲ. ನನ್ನಲ್ಲಿ ಉತ್ತರವಿರಲಿಲ್ಲ, “ನೀವೆಲ್ಲ ಒಳ್ಳೆ ಮಕ್ಕಳು” ಎಂದು ಹೇಳಿ ತಪ್ಪಿಸಿಕೊಂಡೆ.

ಆ ಪ್ರಶ್ನೆಗೆ ಉತ್ತರವನ್ನು ಮೊದಲೇ ಸಿದ್ಧವಾಗಿ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ಮುಂದಿನ ಪುಟಗಳಲ್ಲಿ ವಿವರಿಸಿದ್ದೇನೆ. ವಲಯ, ತಾಲೂಕು, ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟವಿರಲಿ, ಯುವಕ ಮಂಡಲದ ಹೊನಲು ಬೆಳಕಿನ ಕಬಡ್ಡಿಯಿರಲಿ, ಮಳೆಗಾಲದ ಆಟಿ ತಿಂಗಳ ಕೆಸರುಗದ್ದೆಯ ಆಟಗಳಿರಲಿ, ಉಡುಪಿಯ ಅಜ್ಜರಕಾಡಿನ ಅಥವಾ ಮಂಗಳೂರಿನ ಮಂಗಳಾ ಕ್ರೀಡಾಂಗಣದ ಓಟದ ಪಥವಿರಲಿ, ವಿಧಾನ ಒಂದೇ. ಬೇಕಾಗುವ ಸಾಮಗ್ರಿ ಒಂದು ನೋಟ್ ಪುಸ್ತಕ, ಒಂದು ಪೆನ್ನು, ಮತ್ತು ಆ ದಿನ ಬೇರೆ ಯಾವ ಜವಾಬ್ದಾರಿಯೂ ಇಲ್ಲದ ಇಬ್ಬರು ಮನುಷ್ಯರು, ಅಂದರೆ ವೀಕ್ಷಕರು. ಮೂರನೆಯದು ಸಿಗುವುದೇ ಕಷ್ಟವೆಂದು ಪಂದ್ಯಾಟ ನಡೆಸಿದವರಿಗೆ ಹೇಳಬೇಕಾಗಿಲ್ಲ.

ಒಂದನೆಯ ಹೆಜ್ಜೆ: ಏನನ್ನು ಹುಡುಕುತ್ತಿದ್ದೇವೆ ಎಂಬುದನ್ನು ಪಂದ್ಯಾಟದ ಮೊದಲೇ ಒಪ್ಪಿಕೊಳ್ಳಿ

ಮೂರು ಬೇರೆ ಬೇರೆ ಸಂಗತಿಗಳನ್ನು ನಾವು ಒಂದೇ ಹೆಸರಿನಲ್ಲಿ ಕರೆಯುವ ಅಭ್ಯಾಸವಿದೆ. ನಿಯಮವನ್ನು ಮುರಿಯದೆ ಆಡುವುದು ಒಂದು. ಅದು ಪ್ರತಿಯೊಬ್ಬ ಆಟಗಾರನ ಕರ್ತವ್ಯ, ಅದಕ್ಕೆ ಬಹುಮಾನ ಬೇಕಿಲ್ಲ. ಪಂದ್ಯದ ಕೊನೆಯಲ್ಲಿ ಸಾಲಾಗಿ ನಿಂತು ಕೈ ಕುಲುಕುವುದು, ಅಂಕಣದ ಮಣ್ಣು ಮುಟ್ಟಿ ನಮಸ್ಕರಿಸುವುದು, ಹಿರಿಯರನ್ನು ಸರ್ ಎಂದು ಕರೆಯುವುದು ಎರಡನೆಯದು. ಇದು ಸಂಸ್ಕಾರ, ಒಳ್ಳೆಯದೇ, ಆದರೆ ಪಿ.ಟಿ. ಮಾಸ್ಟ್ರು ಪಕ್ಕದಲ್ಲಿ ನಿಂತು ಮಾಡಿಸಿದ ಹಸ್ತಲಾಘವದಿಂದ ಮಗುವಿನ ಗುಣ ತಿಳಿಯುವುದಿಲ್ಲ. ಮೂರನೆಯದೇ ನಾವು ಹುಡುಕಬೇಕಾದ ಕ್ರೀಡಾಮನೋಭಾವ. ಆಟದ ಬಿಸಿಯಲ್ಲಿ, ಬೇರೆ ರೀತಿ ನಡೆದುಕೊಂಡಿದ್ದರೆ ಲಾಭವಾಗುತ್ತಿತ್ತು ಎಂಬುದು ಸ್ಪಷ್ಟವಾಗಿದ್ದಾಗಲೂ, ಮಗು ತಾನಾಗಿ ಮಾಡಿದ ನ್ಯಾಯದ ಅಥವಾ ಕರುಣೆಯ ನಡೆ ಅದು.

ಆದ್ದರಿಂದ ವೀಕ್ಷಕರು ಪ್ರತಿ ಘಟನೆಗೂ ಒಂದು ಪ್ರಶ್ನೆ ಹಾಕಿಕೊಳ್ಳಬೇಕು: ಈ ನಡೆಗೆ ಮಗು ಏನಾದರೂ ಬೆಲೆ ತೆತ್ತಿತೇ? ಬೆಲೆಯೆಂದರೆ ಅಂಕವೇ ಆಗಬೇಕೆಂದಿಲ್ಲ. ಇಡೀ ದಿನ ಬೆಂಚಿನ ಮೇಲೆ ಕುಳಿತ ಬದಲಿ ಆಟಗಾರ್ತಿ ತನ್ನ ಜಾಗದಲ್ಲಿ ಆಡುತ್ತಿರುವವಳಿಗೆ ಗ್ಲೂಕೋಸ್ ನೀರು ಕೊಂಡೊಯ್ದು, ಎದುರಾಳಿಯ ಸರ್ವಿಸ್ ಎಲ್ಲಿ ಬೀಳುತ್ತಿದೆ ಎಂದು ಕಿವಿಯಲ್ಲಿ ಹೇಳಿ ಬಂದರೆ, ಅವಳು ತೆತ್ತದ್ದು ತನ್ನ ಅಸೂಯೆಯನ್ನು. ಅದು ಒಂದು ಅಂಕಕ್ಕಿಂತ ದುಬಾರಿಯೆಂದು ನನ್ನ ಎಣಿಕೆ.

ದೊಡ್ಡವರ ಆಟದಿಂದ ಒಂದು ಉದಾಹರಣೆ ಕೊಡುವುದಾದರೆ, 1980ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್ ಪಂದ್ಯವನ್ನು ನೆನಪಿಸಿಕೊಳ್ಳಬಹುದು. ಭಾರತದ ನಾಯಕ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡು ಚೇತರಿಸಿಕೊಳ್ಳಲು ಹೆಣಗುತ್ತಿದ್ದಾಗ ಬಾಬ್ ಟೇಲರ್ ವಿಕೆಟ್ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಿಶ್ವನಾಥ್ ಅವರಿಗೆ ಮನವರಿಕೆಯಾಗಿ, ಅವರು ಟೇಲರ್ ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಇಯಾನ್ ಬೋಥಮ್ ಅವರ ಜೊತೆಯಾಟ 171 ರನ್ನುಗಳಿಗೆ ಬೆಳೆಯಿತು; ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಬೆಲೆ ತೆತ್ತ ನಡೆ ಎಂದರೆ ಇದು. ಭಾರತ ಗೆದ್ದೇಬಿಟ್ಟಿದ್ದರೂ ನಡೆಯ ಗುಣ ಅಷ್ಟೇ ಇರುತ್ತಿತ್ತು, ಆದರೆ ನಾವು ಅದನ್ನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿದ್ದೆವೋ ಇಲ್ಲವೋ.

ಎರಡನೆಯ ಹೆಜ್ಜೆ: ಕುಳಿತುಕೊಳ್ಳುವ ಜಾಗ

ಸ್ಕೋರರ್ ಮೇಜಿನ ಬಳಿ ಕುಳಿತರೆ ಅಂಕವೇ ಕಣ್ಣಿಗೆ ಬೀಳುತ್ತದೆ. ವೀಕ್ಷಕರಲ್ಲಿ ಒಬ್ಬರು ಬದಲಿ ಆಟಗಾರರ ಬೆಂಚಿನ ಹಿಂದೆ ಇರಬೇಕು, ಇನ್ನೊಬ್ಬರು ಅದರ ಎದುರು ಬದಿಯಲ್ಲಿ, ಮಕ್ಕಳ ಮುಖ ಕಾಣುವಂತೆ. ಕೊರಳಿಗೆ ಬ್ಯಾಡ್ಜ್ ಬೇಡ, ಮೈಕಿನಲ್ಲಿ ಪರಿಚಯವೂ ಬೇಡ. ಈಗ ಹೆಚ್ಚಿನ ಪಂದ್ಯಾಟಗಳು ಯೂಟ್ಯೂಬ್‌ನಲ್ಲಿ ನೇರಪ್ರಸಾರವಾಗುವುದರಿಂದ, ಕ್ಯಾಮೆರಾ ತಮ್ಮತ್ತ ತಿರುಗಿದಾಗ ಬಿದ್ದ ಎದುರಾಳಿಗೆ ಕೈ ಕೊಟ್ಟು ಎತ್ತುವುದನ್ನು ಹದಿನಾರು ವರ್ಷದ ಹುಡುಗರು ಚೆನ್ನಾಗಿಯೇ ಕಲಿತಿದ್ದಾರೆ. ಕ್ಯಾಮೆರಾ ಇಲ್ಲದ ಮೂಲೆಯಲ್ಲಿ ಏನಾಗುತ್ತಿದೆ ಎಂದು ನೋಡಿ.

ಮೂರನೆಯ ಹೆಜ್ಜೆ: ಯಾವ ಗಳಿಗೆಯಲ್ಲಿ ಕಣ್ಣಿಡಬೇಕು

ಇಡೀ ಪಂದ್ಯವನ್ನು ಒಂದೇ ಸಮನೆ ಗಮನವಿಟ್ಟು ನೋಡಲು ಯಾರಿಂದಲೂ ಆಗುವುದಿಲ್ಲ, ಬೇಕಾಗಿಯೂ ಇಲ್ಲ. ತೀರ್ಪುಗಾರರ ತಪ್ಪು ತೀರ್ಪಿನ ನಂತರದ ಹತ್ತು ಸೆಕೆಂಡು, ಸಹ ಆಟಗಾರ ಸುಲಭದ ತಪ್ಪು ಮಾಡಿದಾಗ ಉಳಿದವರ ಮುಖ, ಆಟಗಾರನನ್ನು ಹೊರಗೆ ಕರೆದು ಬದಲಿಯನ್ನು ಕಳುಹಿಸಿದಾಗ ಅವನು ಬೆಂಚಿಗೆ ನಡೆದು ಬರುವ ರೀತಿ, ಎದುರಾಳಿಗೆ ಪೆಟ್ಟಾದಾಗ ಆಟ ನಿಲ್ಲುವ ಮೊದಲಿನ ಕ್ಷಣ, ತಂಡ ಹದಿನೈದು ಅಂಕ ಮುಂದಿರುವಾಗ ಆಡುವ ಮಾತು, ಮತ್ತು ಸೋತ ಬಳಿಕ ಚೀಲ ಕಟ್ಟಿಕೊಳ್ಳುವ ಹೊತ್ತು: ಗುಣ ಹೊರಗೆ ಬರುವುದು ಇಂಥ ಸಂಧಿಗಳಲ್ಲಿ. ಇವುಗಳಲ್ಲಿ ಭಾರಿ ಗೆಲುವಿನ ಗಳಿಗೆಯನ್ನು ನಾವು ಬಹಳ ಮಟ್ಟಿಗೆ ಕಡೆಗಣಿಸುತ್ತೇವೆ. ಸೋತಾಗ ಅಳದಿರುವುದನ್ನು ಮೆಚ್ಚುವ ನಾವು, ಗೆಲ್ಲುತ್ತಿರುವಾಗ ದುರ್ಬಲ ಎದುರಾಳಿಯನ್ನು ಅಣಕಿಸಿ ತೊಡೆ ತಟ್ಟದಿರುವುದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆಟದಿಂದ ಆಟಕ್ಕೆ ಚಿಹ್ನೆಗಳು ಬೇರೆಯಾಗುವುದರಿಂದ ಪ್ರತಿ ಆಟದ ಒಳಗುಟ್ಟು ತಿಳಿದವರೇ ಅದನ್ನು ನೋಡಬೇಕು.

ಕಬಡ್ಡಿಯಲ್ಲಿ ಎಲ್ಲವೂ ಸ್ಪರ್ಶದ ಮೇಲೆ ನಿಂತಿದೆ. ದಾಳಿಗೆ ಇರುವುದು 30 ಸೆಕೆಂಡು; ಅಷ್ಟರಲ್ಲಿ ಅಂಗಿಯ ಅಂಚಿಗೆ ಬೆರಳು ತಾಗಿತೋ ಇಲ್ಲವೋ ಎಂಬುದು ಹಲವು ಸಲ ಇಬ್ಬರು ಆಟಗಾರರಿಗೆ ಮಾತ್ರ ಗೊತ್ತಿರುತ್ತದೆ, ತೀರ್ಪುಗಾರರಿಗೆ ಗೊತ್ತಾಗುವುದಿಲ್ಲ. ಮಂಗಳೂರಿನ ಹೊರವಲಯದ ಶಾಲಾ ಮೈದಾನವೊಂದರಲ್ಲಿ ನಾನು ನೋಡಿದ ದಾಳಿಯನ್ನು ಇಲ್ಲಿ ಹೇಳಬೇಕು. ಅಂಕ 21–21, ಎರಡು ನಿಮಿಷ ಬಾಕಿ. ದಾಳಿಗಾರ ಎಡ ಮೂಲೆಯ ಹುಡುಗನತ್ತ ಕಾಲು ಚಾಚಿ, ಸರಕ್ಕನೆ ತಿರುಗಿ ನಡುಗೆರೆ ದಾಟಿದ. ತೀರ್ಪುಗಾರರು ಯಾರನ್ನೂ ಮುಟ್ಟದ ಖಾಲಿ ದಾಳಿಯೆಂದು ಕೈ ತೋರಿಸಿದರು. ಮೂಲೆಯ ಹುಡುಗ ಬಗ್ಗಿ ತನ್ನ ಮೊಣಕಾಲ ಕೆಳಗೆ ನೋಡಿಕೊಂಡ. ಬಿಳಿಯ ಕಾಲುಚೀಲದ ಮೇಲೆ ಬೆರಳಗಲದ ಕೆಂಪು ಮಣ್ಣಿನ ಗುರುತು ಹೊಸದಾಗಿ ಮೂಡಿತ್ತು. ಬಲಗೈ ಎತ್ತಿದ, ಯಾರ ಮುಖವನ್ನೂ ನೋಡದೆ ಅಂಕಣದ ಹೊರಗೆ ನಡೆದು ಕುಳಿತ. ಅವನ ನಾಯಕ ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡು ನಿಂತ. ಆ ಒಂದು ಕೈ ಎತ್ತಿದ್ದರಿಂದ ಎದುರಾಳಿಗೆ ಒಂದು ಅಂಕ ಹೋಯಿತು, ತಂಡದಲ್ಲಿ ಒಬ್ಬ ಕಡಿಮೆಯಾದ, ಎದುರು ತಂಡದ ಔಟಾದ ಹುಡುಗನೊಬ್ಬ ಒಳಗೆ ಬಂದ. ಪಂದ್ಯ ಎರಡು ಅಂಕಗಳಿಂದ ಕೈ ತಪ್ಪಿತು.

ವೀಕ್ಷಕರು ಇಂಥಲ್ಲಿ ಕೈ ಎತ್ತಿದವನನ್ನು ನೋಡಿ ಸುಮ್ಮನಾಗಬಾರದು. ನಾಯಕ ಬೈದನೇ, ಬೈಯಲಿಲ್ಲವೇ? ಎದುರು ತಂಡದ ದಾಳಿಗಾರ ಏನು ಮಾಡಿದ? ಆ ದಿನ ಅವನು ತನ್ನ ಅಂಕಣಕ್ಕೆ ಮರಳಿ, ಕುಣಿಯುತ್ತಿದ್ದ ಗೆಳೆಯರನ್ನು ಕೈಸನ್ನೆಯಿಂದ ಸುಮ್ಮನಿರಿಸಿದ. ಒಂದು ಘಟನೆಯಲ್ಲಿ ಬರೆದಿಡಬೇಕಾದ ನಡೆಗಳು ಎರಡಿದ್ದವು.

ಕಬಡ್ಡಿಯಲ್ಲಿ ಹಸಿರು ಕಾರ್ಡ್ ಎಚ್ಚರಿಕೆ, ಹಳದಿ ಕಾರ್ಡ್ ಎಂದರೆ ಎರಡು ನಿಮಿಷ ಹೊರಗೆ, ಕೆಂಪು ಎಂದರೆ ಆ ಪಂದ್ಯದಿಂದಲೇ ಹೊರಗೆ. ಕಾರ್ಡ್ ಸಿಗದ ತಂಡವೇ ಶಿಸ್ತಿನ ತಂಡ ಎಂದು ಲೆಕ್ಕ ಹಾಕುವ ಸುಲಭದ ಹಾದಿಯೊಂದಿದೆ. ಅದು ತಪ್ಪು ಹಾದಿ. ಕಾರ್ಡ್ ಇಲ್ಲವೆಂದರೆ ಕೆಟ್ಟದ್ದು ಕಣ್ಣಿಗೆ ಬಿದ್ದಿಲ್ಲ ಎಂದಷ್ಟೇ ಅರ್ಥ. ಒಳ್ಳೆಯದು ನಡೆಯಿತೆಂದು ಅದರಿಂದ ತಿಳಿಯುವುದಿಲ್ಲ.

ವಾಲಿಬಾಲ್‌ನಲ್ಲಿ ಬ್ಲಾಕ್ ಮಾಡಿದವನ ಬೆರಳ ತುದಿಗೆ ತಾಗಿ ಹೊರಗೆ ಹೋದ ಚೆಂಡು, ನೆಟ್ಟಿಗೆ ತಗುಲಿದ ಮೊಣಕೈ, ನೆಲಕ್ಕೆ ತಾಗಿದ ಮೇಲೆ ಎತ್ತಿದ ಚೆಂಡು ಇವು ಮೂರು ಪರೀಕ್ಷೆಯ ಜಾಗಗಳು. ಅಂತಾರಾಷ್ಟ್ರೀಯ ಮಟ್ಟದ ನೇಷನ್ಸ್ ಲೀಗ್‌ನಲ್ಲಿಯೂ, ವಿಡಿಯೋ ಮರುಪರಿಶೀಲನೆಗೆ ಮೊದಲೇ ತನ್ನ ತಪ್ಪನ್ನು ತಾನಾಗಿ ಒಪ್ಪಿಕೊಳ್ಳುವ ಆಟಗಾರನಿಗೆ ಹಸಿರು ಕಾರ್ಡ್ ತೋರಿಸುವ ಪದ್ಧತಿಯನ್ನು 2023ರಲ್ಲಿ ತಂದರು. ಕಬಡ್ಡಿಯ ಹಸಿರು ಕಾರ್ಡ್‌ಗೂ ಇದಕ್ಕೂ ಅರ್ಥ ತಿರುವುಮುರುವಾಗಿರುವುದು ಒಂದು ತಮಾಷೆ.

ಅಂಡರ್‌ಆರ್ಮ್ ಕ್ರಿಕೆಟ್ ನಮ್ಮ ಕರಾವಳಿಯ ಮಕ್ಕಳಿಗೆ ಮೊದಲ ಪಾಠಶಾಲೆ. ಗದ್ದೆಯ ಬದುವೇ ಬೌಂಡರಿ, ತೆಂಗಿನ ತೋಟದ ಬೇಲಿಯೇ ಸಿಕ್ಸರ್ ಆಗಿರುವ ಕಡೆ, ಚೆಂಡನ್ನು ಗೆರೆಯ ಈಚೆ ತಡೆದೆನೋ ಆಚೆ ತಡೆದೆನೋ ಎಂಬುದಕ್ಕೆ ಫೀಲ್ಡರ್‌ನ ಬಾಯಿಮಾತೇ ಸಾಕ್ಷಿ. ಬದುವಿನ ಬಳಿಯ ಹುಡುಗ ಕೇಳುವ ಮೊದಲೇ “ಫೋರ್” ಎಂದು ಕೈ ಆಡಿಸಿದರೆ ಬರೆದುಕೊಳ್ಳಿ. ನಾಯಕನ ಮೇಲೆ ಪ್ರತ್ಯೇಕವಾಗಿ ಕಣ್ಣಿರಲಿ, ಏಕೆಂದರೆ ಕ್ರಿಕೆಟ್ ನಿಯಮಾವಳಿಯಲ್ಲಿ ಅಪೀಲ್ ಇಲ್ಲದೆ ಅಂಪೈರ್ ಯಾರನ್ನೂ ಔಟ್ ಕೊಡುವಂತಿಲ್ಲ, ಮತ್ತು ಅಂಪೈರ್ ಒಪ್ಪಿದರೆ ಮಾಡಿದ ಅಪೀಲನ್ನು ಹಿಂದಕ್ಕೆ ಪಡೆಯುವ ಅಧಿಕಾರ ನಾಯಕನಿಗೆ ಮಾತ್ರ ಇದೆ. 2000ದ ನಿಯಮಾವಳಿಯಿಂದ ಆಟದ ಚೈತನ್ಯವನ್ನು ಕುರಿತ ಮುನ್ನುಡಿಯೊಂದೂ ಅದರಲ್ಲಿ ಸೇರಿದೆ. ಆಟ ನ್ಯಾಯವಾಗಿ ನಡೆಯುವಂತೆ ನೋಡಿಕೊಳ್ಳುವ ಮುಖ್ಯ ಹೊಣೆಯನ್ನು ಅದು ಹೊರಿಸುವುದು ನಾಯಕರ ಮೇಲೆ.

ಓಟದಲ್ಲಿ ಗಮನಿಸಲು ಅವಕಾಶ ಕಡಿಮೆ. ರಿಲೇ ಅದಕ್ಕೆ ಹೊರತು: ಬೇಟನ್ ಬೀಳಿಸಿದ ಹುಡುಗಿಯ ಬಳಿಗೆ ಉಳಿದ ಮೂವರಲ್ಲಿ ಯಾರು ಮೊದಲು ನಡೆದು ಹೋಗುತ್ತಾರೆ ಎಂಬುದೊಂದನ್ನೇ ನೋಡಿದರೂ ಸಾಕು. ಕೆಸರುಗದ್ದೆಯ ಹಗ್ಗಜಗ್ಗಾಟದಲ್ಲಿ ಗೆದ್ದವರು ತಟಕ್ಕನೆ ಹಗ್ಗ ಬಿಟ್ಟು ಎದುರಾಳಿಗಳನ್ನು ಕೆಡಹುತ್ತಾರೋ, ಮೆಲ್ಲನೆ ಸಡಿಲಿಸುತ್ತಾರೋ ಎಂಬುದೂ ಹಾಗೆಯೇ.

ನಾಲ್ಕನೆಯ ಹೆಜ್ಜೆ: ನಡೆಯನ್ನು ಬರೆಯಿರಿ, ಗುಣವಿಶೇಷಣವನ್ನು ಬರೆಯಬೇಡಿ

“ಒಳ್ಳೆಯ ಹುಡುಗ”, “ಶಾಂತ ಸ್ವಭಾವ”, “ಸಭ್ಯ ತಂಡ” ಎಂಬ ಟಿಪ್ಪಣಿಗಳು ಸಂಜೆಯ ಹೊತ್ತಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಮೇಲೆ ಹೇಳಿದ ದಾಳಿಯ ಬಗ್ಗೆ ನನ್ನ ಪುಸ್ತಕದಲ್ಲಿ ಇರುವುದು ಇಷ್ಟು: “ಪಂದ್ಯ 7, ದ್ವಿತೀಯಾರ್ಧ, 21–21. ಎಡ ಮೂಲೆ, ಜೆರ್ಸಿ 4. ತೀರ್ಪು ಖಾಲಿ ದಾಳಿ. ತಾನೇ ಕೈ ಎತ್ತಿ ಹೊರಗೆ ಹೋದ. ನಾಯಕ ಬೈಯಲಿಲ್ಲ, ಬೆನ್ನು ತಟ್ಟಲೂ ಇಲ್ಲ. ಎದುರು ತಂಡದ ಜೆರ್ಸಿ 9 ತನ್ನವರನ್ನು ಸುಮ್ಮನಿರಿಸಿದ.” ಪಂದ್ಯದ ಸಂಖ್ಯೆ, ಆಗಿನ ಅಂಕ, ಜೆರ್ಸಿ ಸಂಖ್ಯೆ, ನಡೆದದ್ದೇನು, ಸುತ್ತಲಿನವರು ಏನು ಮಾಡಿದರು, ಇವಿಷ್ಟಿದ್ದರೆ ಸಾಕು. ಹೆಸರಿಗಿಂತ ಜೆರ್ಸಿ ಸಂಖ್ಯೆಯನ್ನೇ ಬರೆಯಬೇಕೆಂದು ನಾನು ಹೇಳುವುದಕ್ಕೆ ಕಾರಣವಿದೆ: ಹೆಸರು ತಿಳಿದ ಕೂಡಲೇ ಯಾರ ಮನೆಯ ಮಗು, ಯಾವ ಶಾಲೆ, ಯಾರ ಶಿಷ್ಯ ಎಂಬ ಲೆಕ್ಕಾಚಾರ ನಮಗೆ ಗೊತ್ತಿಲ್ಲದೆಯೇ ತಲೆಯೊಳಗೆ ಶುರುವಾಗುತ್ತದೆ.

ಬರೆಯುವುದನ್ನು ಆ ಕ್ಷಣದಲ್ಲಿಯೇ ಬರೆಯಬೇಕು. ಊಟದ ನಂತರ ಬರೆಯೋಣ ಎಂದುಕೊಂಡದ್ದು ಊಟದ ನಂತರ ಬೇರೆಯೇ ಘಟನೆಯಾಗಿರುತ್ತದೆ.

ಐದನೆಯ ಹೆಜ್ಜೆ: ವಯಸ್ಸನ್ನು ನೋಡಿ ಅಳೆಯಿರಿ, ನಿಮ್ಮ ಕಣ್ಣನ್ನೂ ಅನುಮಾನಿಸಿ

ಎಂಟು ಹತ್ತು ವರ್ಷದ ಮಗು ಔಟಾದಾಗ ಬ್ಯಾಟ್ ಎಸೆದು ಅಳುವುದು ಸ್ವಭಾವದ ದೋಷವಲ್ಲ. ಆ ವಯಸ್ಸಿನಲ್ಲಿ ನೋಡಬೇಕಾದದ್ದು, ಅತ್ತ ಮಗು ಎಷ್ಟು ಬೇಗ ಮರಳಿ ಬಂದು ಗೆಳೆಯನಿಗೆ ಚಪ್ಪಾಳೆ ತಟ್ಟುತ್ತದೆ ಎಂಬುದನ್ನು. ಹನ್ನೆರಡು ಹದಿಮೂರರ ಮಕ್ಕಳಿಗೆ ಸಹಪಾಠಿಗಳ ಮಾತೇ ವೇದವಾಗಿರುವುದರಿಂದ, ತಂಡವೆಲ್ಲ ಸೇರಿ ಒಬ್ಬನನ್ನು ಗೇಲಿ ಮಾಡುವಾಗ ಅದರಲ್ಲಿ ಸೇರದೆ ನಿಂತವನೇ ಆ ವಯಸ್ಸಿನ ಧೈರ್ಯವಂತ. ಹದಿನಾರು ಹದಿನೇಳಕ್ಕೆ ಬಂದವರಿಗೆ ಒಳ್ಳೆಯವರಂತೆ ಕಾಣಿಸಿಕೊಳ್ಳುವ ಕಲೆಯೂ ಬಂದಿರುತ್ತದೆ. ಅಲ್ಲಿ ಒಂದು ಘಟನೆಯ ಮೇಲೆ ತೀರ್ಮಾನಕ್ಕೆ ಬರದೆ ಎರಡು ಮೂರು ಪಂದ್ಯಗಳನ್ನು ನೋಡಬೇಕು.

ಇನ್ನು ನಮ್ಮ ಕಣ್ಣಿನ ದೋಷಗಳು. ಎಲ್ಲಕ್ಕಿಂತ ದೊಡ್ಡದು, ಮೌನವನ್ನು ಸದ್ಗುಣವೆಂದು ತಿಳಿಯುವುದು. ಮಾತೇ ಆಡದ ಮಗು ನಾಚಿಕೆಯಿಂದ ಸುಮ್ಮನಿರಬಹುದು, ಹೆದರಿಕೆಯಿಂದಲೂ ಇರಬಹುದು. ಅಂಕಣದ ತುಂಬ ಕೂಗಾಡುವ, ಸಿಟ್ಟು ಮೂಗಿನ ತುದಿಯಲ್ಲಿರುವ ಹುಡುಗನೇ ಸ್ಪರ್ಶವನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವವನಾಗಿರಬಹುದು. ಹುಡುಗಿಯರ ವಿಷಯದಲ್ಲಿ ಈ ತಪ್ಪು ಇನ್ನೂ ಹೆಚ್ಚು. ತಲೆ ತಗ್ಗಿಸಿ ಆಡುವವಳಿಗೆ ಶಿಸ್ತಿನವಳೆಂಬ ಹೊಗಳಿಕೆ, ತೀರ್ಪುಗಾರರ ಬಳಿ ಹೋಗಿ ನಿಯಮ ಕೇಳಿದ ನಾಯಕಿಗೆ ಬಜಾರಿಯೆಂಬ ಹೆಸರು. ಕಾರ್ಕಳ ತಾಲೂಕಿನ ಹಳ್ಳಿಯಿಂದ ಹೋಗಿ ಭಾರತದ ಮಹಿಳಾ ಕಬಡ್ಡಿ ತಂಡದ ನಾಯಕಿಯಾಗಿ, 2014ರ ಅರ್ಜುನ ಪ್ರಶಸ್ತಿ ಪಡೆದ ಮಮತಾ ಪೂಜಾರಿಯವರ ಹೆಸರನ್ನು ಸ್ವಾಗತ ಭಾಷಣದಲ್ಲಿ ಹೆಮ್ಮೆಯಿಂದ ಹೇಳುವ ನಾವೇ, ಊರಿನ ಅಂಕಣದಲ್ಲಿ ಗಟ್ಟಿ ದನಿಯ ಹುಡುಗಿಯನ್ನು ಸಹಿಸುವುದಿಲ್ಲ. ನಾಯಕಿ ಗೌರವದಿಂದ ತೀರ್ಪನ್ನು ಪ್ರಶ್ನಿಸಿ, ಉತ್ತರ ಸಿಕ್ಕಿದ ಮೇಲೆ ಮರುಮಾತಿಲ್ಲದೆ ಆಟಕ್ಕೆ ಮರಳಿದರೆ ಅದು ಕ್ರೀಡಾಮನೋಭಾವವೇ. ಪುಸ್ತಕದಲ್ಲಿ ಅದಕ್ಕೂ ಜಾಗವಿರಲಿ.

ಎರಡನೆಯ ದೋಷವನ್ನು ಆರಂಭದಲ್ಲಿಯೇ ಒಪ್ಪಿಕೊಂಡಿದ್ದೇನೆ, ಸೋತವರಿಗೆ ಸಮಾಧಾನಕರ ಬಹುಮಾನವಾಗಿ ಇದನ್ನು ಹಂಚುವುದು. ಮೂರನೆಯದು ನಮೂದುಗಳನ್ನು ಎಣಿಸಿ ಮೊತ್ತ ಮಾಡುವುದು. ಫೈನಲ್ ತಲುಪಿದ ತಂಡ ಐದು ಪಂದ್ಯ ಆಡಿರುತ್ತದೆ, ಮೊದಲ ಸುತ್ತಿನಲ್ಲಿ ಸೋತ ತಂಡ ಒಂದೇ ಪಂದ್ಯ. ಎಣಿಕೆಯಲ್ಲಿ ಹೆಚ್ಚು ಆಡಿದವರೇ ಗೆಲ್ಲುತ್ತಾರೆ. ಇಬ್ಬರು ವೀಕ್ಷಕರೂ ತಮ್ಮ ಪುಸ್ತಕದಿಂದ ಅತಿ ತೂಕದ ಎರಡೆರಡು ಘಟನೆಗಳನ್ನು ಆರಿಸಿ, ಎದುರುಬದುರು ಕುಳಿತು ಓದಿ, ಯಾವುದರಲ್ಲಿ ತೆತ್ತ ಬೆಲೆ ಹೆಚ್ಚು ಎಂದು ಚರ್ಚಿಸಲಿ. ತಮ್ಮ ಶಾಲೆಯ ಅಥವಾ ತಮ್ಮ ಸಂಘದ ಮಗುವಿನ ವಿಷಯ ಬಂದಾಗ ಆ ವೀಕ್ಷಕರು ಬಾಯಿ ಮುಚ್ಚಿಕೊಂಡಿರಬೇಕೆಂಬುದು ನಮ್ಮ ಒಪ್ಪಂದ. ಬರೆಯುವಂಥದ್ದೇನೂ ನಡೆಯದ ವರ್ಷ ಆ ಬಹುಮಾನವನ್ನು ಯಾರಿಗೂ ಕೊಡಬೇಡಿ. ಫಲಕ ಮಾಡಿಸಿಯಾಗಿದೆ ಎಂಬುದು ಅದನ್ನು ಕೊಡುವುದಕ್ಕೆ ಕಾರಣವಲ್ಲ.

ಆರನೆಯ ಹೆಜ್ಜೆ: ಹಗ್ಗದ ಆಚೆಗಿನವರನ್ನೂ ನೋಡಿ

ಕೈ ಎತ್ತಿದ ಆ ಹುಡುಗನ ತಂದೆ ಹಗ್ಗದ ಆಚೆ ನಿಂತಿದ್ದರು. ಪಂದ್ಯ ಮುಗಿದ ಕೂಡಲೇ, “ನೀನು ಯಾಕೆ ಹೇಳ್ಲಿಕ್ಕೆ ಹೋದದ್ದು? ರೆಫ್ರಿ ಕೊಡ್ಲಿಲ್ಲ ಅಲ್ವಾ?” ಎಂದು ಗದರಿದರು. ಹುಡುಗ ಕಾಲುಚೀಲ ಬಿಚ್ಚುತ್ತಾ, “ತಾಗಿದೆ ಅಪ್ಪ” ಎಂದ, ಅಷ್ಟೇ. ತಂದೆಯನ್ನು ಕೆಟ್ಟವರೆಂದು ನಾನು ಹೇಳಲಾರೆ. ಬೆಳಗ್ಗೆ ಐದಕ್ಕೆ ಎದ್ದು ಮಗನನ್ನು ಬೈಕಿನಲ್ಲಿ ಕರೆತಂದು, ದಿನದ ಸಂಬಳ ಬಿಟ್ಟು ಬಿಸಿಲಿನಲ್ಲಿ ನಿಂತವರು ಅವರು. ಆದರೆ ಮಗುವಿನ ಮುಂದಿನ ಕೈ ಏಳುತ್ತದೋ ಇಲ್ಲವೋ ಎಂಬುದು ಮನೆಗೆ ಮರಳುವ ಆ ಬೈಕಿನ ಮೇಲೆಯೇ ನಿರ್ಧಾರವಾಗುತ್ತದೆ. ಹೆತ್ತವರಿಗೆ ಬೇರೆ ಏನೂ ಹೇಳಲು ತೋಚದಿದ್ದರೆ, “ತಾಗಿತ್ತಾ? ಹಾಗಾದರೆ ಸರಿ” ಎಂದಷ್ಟು ಹೇಳಿ, ದಾರಿಯಲ್ಲಿ ಗಾಡಿ ನಿಲ್ಲಿಸಿ ಬೊಂಡ (ಎಳನೀರು) ಕುಡಿಸಿದರೆ ಸಾಕು.

ತರಬೇತುದಾರರದ್ದು ಇನ್ನೂ ಸೂಕ್ಷ್ಮ. 2012ರ ಡಿಸೆಂಬರಿನಲ್ಲಿ ಸ್ಪೇನಿನ ನವಾರ್ರಾ ಪ್ರಾಂತದ ಕ್ರಾಸ್ ಕಂಟ್ರಿ ಓಟವೊಂದರಲ್ಲಿ, ಮುಂದಿದ್ದ ಕೀನ್ಯಾದ ಅಬೆಲ್ ಮುತಾಯ್ ಗುರಿ ದಾಟಿದೆನೆಂದು ತಪ್ಪಾಗಿ ತಿಳಿದು ನಿಂತುಬಿಟ್ಟರು. ಹಿಂದಿನಿಂದ ಬಂದ ಇವಾನ್ ಫೆರ್ನಾಂಡಿಸ್ ಅನಾಯಾ ಅವರನ್ನು ದಾಟಿ ಗೆಲ್ಲದೆ, ಗುರಿಯತ್ತ ಕೈ ತೋರಿಸಿ ಮುಂದೆ ಕಳುಹಿಸಿ, ತಾವು ಎರಡನೆಯವರಾದರು. ಅನಾಯಾ ಅವರ ತರಬೇತುದಾರ, 1995ರ ವಿಶ್ವ ಮ್ಯಾರಥಾನ್ ಚಾಂಪಿಯನ್ ಮಾರ್ಟಿನ್ ಫಿಜ್, ತಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲವೆಂದು ಬಹಿರಂಗವಾಗಿಯೇ ಹೇಳಿದರು. ನಮ್ಮ ತರಬೇತುದಾರರಲ್ಲಿಯೂ ಎರಡು ಮನಸ್ಸಿನವರು ಇದ್ದೇ ಇರುತ್ತಾರೆ. ಆದ್ದರಿಂದ ಮಗುವಿನ ನಡೆಯ ಜೊತೆಗೆ, ಅದರ ನಂತರ ತರಬೇತುದಾರರು ಅವನನ್ನು ಆಡಿಸಿದರೋ ಕೂರಿಸಿದರೋ ಎಂಬುದನ್ನೂ ಒಂದು ಸಾಲಿನಲ್ಲಿ ಬರೆದಿಡಿ. ತಪ್ಪೊಪ್ಪಿಕೊಂಡ ಹುಡುಗನನ್ನು ಮುಂದಿನ ಪಂದ್ಯದ ಮೊದಲ ಏಳರಲ್ಲಿಯೇ ಇಳಿಸುವ ತರಬೇತುದಾರರಿಗೆ ಫಲಕವಿಲ್ಲದಿದ್ದರೂ, ಸಂಘಟಕರು ಹತ್ತಿರ ಹೋಗಿ ಒಂದು ಮಾತು ಹೇಳಬೇಕು.

ಏಳನೆಯ ಹೆಜ್ಜೆ: ಹೇಳುವ ಮತ್ತು ಕೊಡುವ ಕ್ರಮ

ಬೆಳಗ್ಗಿನ ತಂಡಗಳ ಸಭೆಯಲ್ಲಿ ಈ ಬಹುಮಾನದ ಬಗ್ಗೆ ಏನನ್ನೂ ಘೋಷಿಸಬೇಡಿ. ಇಂತಿಂಥದ್ದಕ್ಕೆ ಇಂತಿಷ್ಟು ಅಂಕ ಎಂಬ ಪಟ್ಟಿಯಂತೂ ಬೇಡವೇ ಬೇಡ. ಇದಕ್ಕೆ ಅನುಭವದ ಜೊತೆಗೆ ಒಂದು ಹಳೆಯ ಪ್ರಯೋಗದ ಬೆಂಬಲವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ರಿಬ್ಬನ್ ಅಂಟಿಸಿದ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದರು. ಕೆಲವರಿಗೆ ಹೇಳದೆಯೇ ಕೊಟ್ಟರು. ಉಳಿದವರಿಗೆ ಏನೂ ಕೊಡಲಿಲ್ಲ. ಕೆಲವು ದಿನಗಳ ನಂತರ ನೋಡಿದಾಗ, ಆಸೆ ತೋರಿಸಿ ಕೊಟ್ಟ ಮಕ್ಕಳು ಚಿತ್ರ ಬಿಡಿಸುವುದರಲ್ಲಿ ಆಸಕ್ತಿ ಕಳೆದುಕೊಂಡಿದ್ದರು. ಅನಿರೀಕ್ಷಿತವಾಗಿ ಪಡೆದ ಮಕ್ಕಳಲ್ಲಿ ಹಾಗಾಗಿರಲಿಲ್ಲ. ಕ್ರೀಡಾಮನೋಭಾವದ ಬಹುಮಾನಕ್ಕೆ ನಗದು ಸೇರಿಸಬಾರದು ಎಂದು ನಾನು ಹಟ ಹಿಡಿಯುವುದಕ್ಕೂ ಇದೇ ಕಾರಣ.

ಮೊದಲ ಮೆಚ್ಚುಗೆ ವೇದಿಕೆಯಲ್ಲಿ ಆಗಬಾರದು, ಅಂಕಣದ ಬದಿಯಲ್ಲಿ ಆಗಬೇಕು. ಪಂದ್ಯ ಮುಗಿದು ಮಗು ನೀರು ಕುಡಿದ ಬಳಿಕ ಹತ್ತಿರ ಹೋಗಿ, ಕಂಡದ್ದನ್ನು ಕಂಡಂತೆ ಹೇಳಿ: “ಅವನು ತಾಗಿಸಿದ್ದನ್ನು ರೆಫ್ರಿ ನೋಡ್ಲಿಲ್ಲ, ನೀನೇ ಕೈ ಎತ್ತಿದೆ. ನಾನು ನೋಡಿದೆ ಮಗಾ.” ಅದಕ್ಕಿಂತ ಹೆಚ್ಚಿನ ಮಾತು ಬೇಡ. “ನೀನು ಎಷ್ಟು ಒಳ್ಳೆಯವನು” ಎಂದರೆ ಮಗುವಿಗೆ ಮುಜುಗರ, ಪಕ್ಕದಲ್ಲಿರುವವರಿಗೆ ನಗು.

ವೇದಿಕೆಗೆ ಕರೆಯುವ ಮೊದಲು ತರಬೇತುದಾರರನ್ನೂ ಮಗುವನ್ನೂ ಕೇಳಿ. ತನ್ನ ಪ್ರಾಮಾಣಿಕತೆಯಿಂದಲೇ ತಂಡ ಸೋತಿತೆಂಬ ಮುನಿಸು ಗೆಳೆಯರಲ್ಲಿ ಇನ್ನೂ ಹಸಿಯಾಗಿರುವಾಗ, ಎಲ್ಲರೆದುರು ಹೆಸರು ಕೂಗುವುದು ಮಗುವಿಗೆ ಶಿಕ್ಷೆಯಾಗಬಹುದು. ಹಾಗಿದ್ದರೆ ಇಡೀ ತಂಡವನ್ನು ಕರೆದು ನಾಯಕನ ಕೈಗೆ ಕೊಡಿ. ನಮ್ಮ ಪಂದ್ಯಾಟಗಳ ಶಿಸ್ತಿನ ತಂಡ ಎಂಬ ಹೆಸರು ಇಂಥಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಹೆಸರು ಹೇಳುವ ಮೊದಲು ವೀಕ್ಷಕ ವಿವರಣೆಕಾರರು ನೋಟ್ ಪುಸ್ತಕದ ಆ ನಾಲ್ಕು ಸಾಲುಗಳನ್ನು ಇದ್ದ ಹಾಗೆಯೇ ಓದಲಿ, ಪ್ರಾಸದ ಪದಗಳನ್ನು ಸೇರಿಸದೆ; ಅವರಿಗೆ ಇದು ಕಷ್ಟವೇ. ಅತಿಥಿಗಳ ಭಾಷಣದ ನಂತರ, ಜನ ಎದ್ದು ಹೋಗುತ್ತಿರುವಾಗ ಇದನ್ನು ಕೊಡುವುದಾದರೆ ಕೊಡದಿರುವುದೇ ಲೇಸು. ಪ್ರಥಮ, ದ್ವಿತೀಯ ಬಹುಮಾನಗಳಿಗಿಂತ ಮೊದಲು ಕೊಡಿ, ಆಗ ಎಲ್ಲ ತಂಡಗಳೂ ಮೈದಾನದಲ್ಲಿಯೇ ಇರುತ್ತವೆ. ಮಗುವಿನ ಭಾವಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವ ಮುನ್ನ ಹೆತ್ತವರ ಒಪ್ಪಿಗೆ ಪಡೆಯಿರಿ.

ಫಲಕದ ಜೊತೆಗೆ ಆ ನಮೂದನ್ನು ಶುದ್ಧವಾಗಿ ಬರೆದ ಒಂದು ಚೀಟಿಯನ್ನೂ ಈಗ ನಾವು ಕೊಡುತ್ತೇವೆ: ದಿನಾಂಕ, ಪಂದ್ಯದ ಸಂಖ್ಯೆ, ನಡೆದದ್ದು, ಇಬ್ಬರು ವೀಕ್ಷಕರ ಸಹಿ. ಫಲಕಕ್ಕೆ ಸಿಗದೆ ಉಳಿದ ಒಳ್ಳೆಯ ನಮೂದುಗಳ ಚೀಟಿಗಳನ್ನು ಆಯಾ ಶಾಲೆಯ ದೈಹಿಕ ಶಿಕ್ಷಕರ ಕೈಯಲ್ಲಿ ಕಳುಹಿಸುತ್ತೇವೆ, ಏಕೆಂದರೆ ಆ ಮಕ್ಕಳಿಗೂ ತಮ್ಮನ್ನು ಯಾರೋ ನೋಡಿದ್ದರು ಎಂಬುದು ತಿಳಿಯಬೇಕಾದ ಸಂಗತಿಯೇ. ಜೆರ್ಸಿ 4ರ ಹುಡುಗ ತನ್ನ ಚೀಟಿಯನ್ನು ಎರಡು ಸಲ ಓದಿ, ನಾಲ್ಕಾಗಿ ಮಡಚಿ, ಶಾಲೆಯ ಗುರುತಿನ ಚೀಟಿಯ ಪ್ಲಾಸ್ಟಿಕ್ ಕವಚದೊಳಗೆ ತುರುಕಿಕೊಂಡ. ಫಲಕವನ್ನು ಅವನ ನಾಯಕ ಬಸ್ಸಿನ ಕಿಟಕಿಯ ಹೊರಗೆ ಹಿಡಿದುಕೊಂಡಿದ್ದ.